ತಿದ್ದುವುದು ಬೇರೆ, ಮುಚ್ಚುವುದು ಬೇರೆ

ಮನೆಯಲ್ಲಿಯೇ ಆಟದ ಪೆಟ್ಟಿಗೆ ಕಟ್ಟುವ ಮಕ್ಕಳಿಗೂ ಅವರ ಹಿರಿಯರಿಗೂ ಮರಗೆಲಸದ ಕೆಲವು ಮಾತುಗಳು

ಮರಗೆಲಸಕ್ಕೆ ಕೈಯಿಟ್ಟವರಿಗೆ ತಪ್ಪು ತಪ್ಪಿದ್ದಲ್ಲ. ತಲೆಮಾರುಗಳಿಂದ ಉಳಿ ಬಾಚಿಗಳನ್ನು ಹಿಡಿದು ಬಂದ ಮನೆತನದ ಬಡಗಿಯೂ ಒಮ್ಮೆಯಾದರೂ ಹಲಗೆಯನ್ನು ಗಿಡ್ಡವಾಗಿ ಕೊಯ್ದಿರುತ್ತಾನೆ. ಬೈರಿಗೆಯನ್ನು ಗುರುತಿನ ಆಚೆಗೆ ಇಳಿಸಿರುತ್ತಾನೆ. ಆದರೆ ಅವನು ಎದೆಗುಂದುವುದಿಲ್ಲ. ಕ್ಷಣಕಾಲ ಹಲಗೆಯನ್ನು ತಿರುಗಿಸಿ ನೋಡಿ, ಏನು ಮಾಡಬೇಕೆಂಬುದನ್ನು ನಿಶ್ಚಯಿಸಿ, ಮತ್ತೆ ಕೆಲಸಕ್ಕೆ ತೊಡಗುತ್ತಾನೆ. ಹೊಸಬನು ಅದೇ ಸ್ಥಳದಲ್ಲಿ ಕೈಚೆಲ್ಲಿ ಕುಳಿತುಬಿಡುತ್ತಾನೆ. ಕಸುಬುದಾರನಿಗೂ ಹೊಸಬನಿಗೂ ಇರುವ ಮುಖ್ಯವಾದ ಅಂತರ ಇದೇ ಎಂದು ನಮಗೆ ತೋರುತ್ತದೆ.

ಈ ವಿಷಯವನ್ನು ಪ್ರಸ್ತಾಪಿಸಲು ಕಾರಣವುಂಟು. ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಕೆಲವು ಮನೆಗಳಿಗೆ ಹೋದಾಗ ಪಡಸಾಲೆಯ ಗೋಡೆಗೆ ಒರಗಿಸಿದ ಅರೆಬರೆ ಪೆಟ್ಟಿಗೆಯೊಂದು ನಮ್ಮ ಕಣ್ಣಿಗೆ ಬಿದ್ದಿದೆ. ಬೀರುವಿನಷ್ಟು ಎತ್ತರ, ಮುಂಭಾಗದಲ್ಲಿ ಪರದೆಗೆಂದು ಬಿಟ್ಟ ಕಿಂಡಿ, ಅದರ ಕೆಳಗೆ ಗುಂಡಿಗಳನ್ನು ಕೂರಿಸಲು ಇಳಿಜಾರಾದ ಒಂದು ಹಲಗೆ. ಕೇಳಿದರೆ ಅದು ವಿಡಿಯೋ ಆಟದ ಪೆಟ್ಟಿಗೆ. ಹಿಂದೆ ಬೆಂಗಳೂರಿನಂಥ ಊರುಗಳ ಆಟದಂಗಡಿಗಳಲ್ಲಿ ನಾಣ್ಯ ಹಾಕಿ ಆಡುತ್ತಿದ್ದಂಥದು. ಹಳೆಯ ಕಂಪ್ಯೂಟರು ಪರದೆಯೊಂದನ್ನೂ ಅಂಗೈಯಗಲದ ಸಣ್ಣ ಕಂಪ್ಯೂಟರನ್ನೂ ಒಳಗಿಟ್ಟು, ರಜೆಯ ದಿನಗಳಲ್ಲಿ ಮನೆಯ ಹುಡುಗ ಹುಡುಗಿಯರೇ ಅದನ್ನು ಕಟ್ಟಹೊರಟಿದ್ದರು. ವಿದ್ಯುತ್ತಿನ ಭಾಗ ಅವರಿಗೆ ತೊಡಕಾಗಲಿಲ್ಲ. ಕೆಲಸ ನಿಂತದ್ದು ಮರದಲ್ಲಿ. ಒಂದು ಕೊಯ್ತ ತಪ್ಪಿತು, ಒಂದು ತೂತು ಅಡ್ಡಬಂತು, ಮಗು ನಾಚಿತು, ತಂದೆ ಗದರಿದರು, ಪೆಟ್ಟಿಗೆ ಗೋಡೆಗೆ ಒರಗಿತು.

ಎಂಟಡಿ ಉದ್ದ ನಾಲ್ಕಡಿ ಅಗಲದ ಪ್ಲೈವುಡ್ ಹಲಗೆಯ ಬೆಲೆ ಮಧ್ಯಮವರ್ಗದ ಮನೆಗೆ ಸಣ್ಣದಲ್ಲ. ಆದರೆ ಅಲ್ಲಿ ಹಾಳಾಗುವುದು ಹಲಗೆಯೊಂದೇ ಅಲ್ಲ. ‘ನನ್ನ ಕೈಯಿಂದ ಆಗುವುದಿಲ್ಲ’ ಎಂಬ ಮಾತು ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ ಮನಸ್ಸಿಗೆ ನಾಟಿದರೆ ಅದನ್ನು ಕೀಳುವುದು ಕಷ್ಟ. ಆದುದರಿಂದ ಈ ಪೆಟ್ಟಿಗೆಯ ಕೆಲಸದಲ್ಲಿ ಸಾಮಾನ್ಯವಾಗಿ ಒದಗುವ ತಪ್ಪುಗಳಾವುವು, ಅವುಗಳನ್ನು ಹೇಗೆ ತಿದ್ದಬಹುದು, ತಿದ್ದಲಾಗದವು ಯಾವುವು ಎಂಬುದನ್ನು ಬಲ್ಲ ಬಡಗಿಗಳಿಂದ ಕೇಳಿ ತಿಳಿದಂತೆ ಇಲ್ಲಿ ನಿರೂಪಿಸುತ್ತೇವೆ.

ಪೆಟ್ಟಿಗೆಯ ಪೂರ್ವಚರಿತ್ರೆ

ಮನೆಯಲ್ಲಿ ಇಂಥದನ್ನು ಕಟ್ಟುವುದು ಹುಚ್ಚಾಟವೆಂದು ಹಿರಿಯರು ತಿಳಿಯಬೇಕಾಗಿಲ್ಲ. ಈ ಪೆಟ್ಟಿಗೆಯ ಮೂಲವೇ ಒಂದು ಕೈಗೆಲಸ. 1972ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಅಟಾರಿ ಎಂಬ ಸಂಸ್ಥೆಯ ಅಲನ್ ಆಲ್ಕಾರ್ನ್ ಎಂಬ ತರುಣ ಎಂಜಿನಿಯರು ‘ಪಾಂಗ್’ ಎಂಬ ಆಟವನ್ನು ರಚಿಸಿದರು. ಅಂಗಡಿಯಲ್ಲಿ ಮಾರುವ ಸಾಧಾರಣ ಕಪ್ಪು ಬಿಳುಪಿನ ದೂರದರ್ಶಕವನ್ನು ಕೊಂಡು, ಸುಮಾರು ನಾಲ್ಕಡಿ ಎತ್ತರದ ಮರದ ಪೆಟ್ಟಿಗೆಯಲ್ಲಿಟ್ಟು, ಸನಿವೇಲ್ ಊರಿನ ಪಾನಗೃಹವೊಂದರಲ್ಲಿ ಪರೀಕ್ಷೆಗೆ ಇರಿಸಿದರು. ಕೆಲವು ದಿನಗಳಲ್ಲಿ ಅದು ಕೆಟ್ಟಿತೆಂದು ಕರೆ ಬಂದಿತು. ಹೋಗಿ ತೆರೆದು ನೋಡಿದರೆ ಯಂತ್ರಕ್ಕೇನೂ ಆಗಿರಲಿಲ್ಲ. ನಾಣ್ಯಗಳು ತುಂಬಿ ಮೇಲೆ ಹರಿದು ಆಟ ನಿಂತಿತ್ತು. ಮುಂದೆ 1978ರಲ್ಲಿ ಜಪಾನಿನ ‘ಸ್ಪೇಸ್ ಇನ್ವೇಡರ್ಸ್’, 1980ರಲ್ಲಿ ‘ಪ್ಯಾಕ್‌ಮ್ಯಾನ್’ ಬಂದು ಈ ಪೆಟ್ಟಿಗೆಗಳು ಲೋಕವನ್ನೇ ಸುತ್ತಿದವು. 2012ರಲ್ಲಿ ‘ರಾಸ್ಪ್‌ಬೆರಿ ಪೈ’ ಎಂಬ ಅಗ್ಗದ ಪುಟ್ಟ ಕಂಪ್ಯೂಟರು ಮಾರುಕಟ್ಟೆಗೆ ಬಂದ ಮೇಲೆ ಮನೆಯಲ್ಲಿಯೇ ಇಂಥವನ್ನು ಕಟ್ಟುವುದು ಸುಲಭವಾಯಿತು.

ನಮ್ಮ ಸೀಮೆಗೆ ಇದರ ಒಂದು ಗುಣ ಹೊಸದಲ್ಲ. ಬಣ್ಣದ ಫಲಕ, ಮೇಲೊಂದು ದೀಪ, ನಡುವೆ ಕಥೆ ನಡೆಯುವ ಪರದೆ, ಎದುರಿಗೆ ಮೈಮರೆತು ನಿಂತ ಜನ: ಈ ಪೆಟ್ಟಿಗೆಯೂ ಒಂದು ಪುಟ್ಟ ರಂಗಸ್ಥಳವೇ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿ, ಮುಂದೆ ನಾಟಕರತ್ನ ಗುಬ್ಬಿ ವೀರಣ್ಣನವರ (1891–1972) ಕಾಲದಲ್ಲಿ ನಾಡೆಲ್ಲ ಹೆಸರಾದ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯನ್ನು ಬಲ್ಲ ಓದುಗರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದ ಕಂಪನಿಯದು. ಊರಿಂದೂರಿಗೆ ಸಾಗಬೇಕಾದ ರಂಗಸಜ್ಜಿಕೆಯು ಗಟ್ಟಿಯಾಗಿಯೂ ಇರಬೇಕು, ಬಿಚ್ಚಿ ಜೋಡಿಸಲು ಅನುವಾಗಿಯೂ ಇರಬೇಕು. ಆಟದ ಪೆಟ್ಟಿಗೆಗೂ ಇದೇ ಧರ್ಮ. ಒಳಗಿನ ತಂತಿಗಳು ಒಂದಲ್ಲ ಒಂದು ದಿನ ಕೆಡುತ್ತವೆ. ಆದುದರಿಂದ ಹಿಂಬದಿಯ ಬಾಗಿಲನ್ನೂ ಗುಂಡಿಗಳ ಹಲಗೆಯನ್ನೂ ಅಂಟು ಹಾಕಿ ಕೂಡಿಸದೆ ಸ್ಕ್ರೂಗಳಿಂದಲೇ ನಿಲ್ಲಿಸಬೇಕು. ಬಿಚ್ಚಲು ಬರುವ ಪೆಟ್ಟಿಗೆಯಲ್ಲಿ ಅರ್ಧದಷ್ಟು ತಪ್ಪುಗಳು ಸುಲಭವಾಗಿ ತಿದ್ದಿಹೋಗುತ್ತವೆ.

ಮೊದಲು ಕೇಳಿಕೊಳ್ಳಬೇಕಾದ ಮೂರು ಪ್ರಶ್ನೆಗಳು

ತಪ್ಪು ಕಂಡೊಡನೆ ಲಪ್ಪವನ್ನೋ ಬಣ್ಣವನ್ನೋ ಹುಡುಕುವುದು ಹೊಸಬರ ಸ್ವಭಾವ. ಅದಕ್ಕೆ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಈ ತಪ್ಪು ಭಾರ ಹೊರುವ ಜಾಗದಲ್ಲಿದೆಯೇ? ವಿದ್ಯುತ್ತು ಹರಿಯುವ ಜಾಗದ ಸಮೀಪದಲ್ಲಿದೆಯೇ? ಇಲ್ಲವೆ ಕೇವಲ ಕಣ್ಣಿಗೆ ಕಾಣುವ ಕುಂದೇ? ಮೊದಲನೆಯದಾದರೆ ಸಂದನ್ನು ಬಿಚ್ಚಿ ತಿದ್ದಬೇಕು. ಎರಡನೆಯದಾದರೆ ಆ ಭಾಗವನ್ನೇ ಬದಲಿಸುವುದು ಲೇಸು. ಮೂರನೆಯದಾದರೆ ಮಾತ್ರ ಮೇಲಿನಿಂದ ಸರಿಪಡಿಸಬಹುದು.

ನಮ್ಮ ಹಳೆಯ ಓಲೆಗರಿಗಳನ್ನು ನೋಡಿದವರಿಗೆ ಈ ವಿವೇಕ ಪರಿಚಿತವೇ. ತಾಳೆಗರಿಯ ಮೇಲೆ ಕಂಠದಿಂದ ಕೊರೆದ ಅಕ್ಷರವನ್ನು ಅಳಿಸಲಾಗದು. ಲಿಪಿಕಾರನು ತಪ್ಪಿದ ಅಕ್ಷರವನ್ನು ಹೊಡೆದು ಗುರುತು ಮಾಡಿ ಸರಿಯಾದುದನ್ನು ಮುಂದೆ ಬರೆಯುತ್ತಿದ್ದನು. ಬಿಟ್ಟುಹೋದುದನ್ನು ಅಂಚಿನಲ್ಲಿ ಸೇರಿಸುತ್ತಿದ್ದನು. ಎಷ್ಟೋ ಪ್ರತಿಗಳ ಕೊನೆಯಲ್ಲಿ, ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಬೇಕೆಂದು ಬಿನ್ನವಿಸುತ್ತಿದ್ದನು. ತಿದ್ದಿದ ಗುರುತು ಕಂಡರೆ ಪ್ರತಿಗೆ ಅವಮಾನವೆಂದು ಯಾರೂ ಎಣಿಸುತ್ತಿರಲಿಲ್ಲ. ತಪ್ಪಿದ ಅಕ್ಷರ ಹಾಗೆಯೇ ಉಳಿದು ಮುಂದಿನವನು ಅದನ್ನೇ ನಂಬಿ ನಕಲು ಮಾಡಿದರೆ ಅದೇ ನಿಜವಾದ ಹಾನಿ.

ಅಳತೆಯ ತಪ್ಪು

ತುಮಕೂರು ನಗರದ ಒಂದು ಮನೆಯಲ್ಲಿ ಡಿಪ್ಲೊಮಾ ಓದುವ ಹುಡುಗನೊಬ್ಬ ಪೆಟ್ಟಿಗೆಯ ಎಡಬಲದ ಎರಡು ದೊಡ್ಡ ಹಲಗೆಗಳನ್ನು ಕೊಯ್ದಿದ್ದನು. ಜೋಡಿಸಿ ನೋಡಿದರೆ ಒಂದು ಇನ್ನೊಂದಕ್ಕಿಂತ ಮುಕ್ಕಾಲು ಅಂಗುಲ ಗಿಡ್ಡ. ‘ಎಂಟಡಿ ಹಲಗೆ ಹಾಳುಮಾಡಿದೆ’ ಎಂದು ತಂದೆಯವರು ಹೇಳಿದ ಒಂದೇ ಮಾತಿಗೆ ಆ ಹಲಗೆಗಳು ಆರು ತಿಂಗಳು ಮೂಲೆ ಸೇರಿದವು. ಮನೆಗೆ ಬೇರೆ ಕೆಲಸಕ್ಕೆಂದು ಬಂದ ಬಡಗಿಯೊಬ್ಬರು ನೋಡಿ, ‘ಇದರಲ್ಲೇನಪ್ಪಾ ಹಾಳಾಗಿರೋದು? ಉದ್ದ ಇರೋದನ್ನ ಗಿಡ್ಡ ಮಾಡು, ಕೆಳಗೊಂದು ಪೀಠ ಕೊಡು’ ಎಂದರಂತೆ. ಎರಡು ಹಲಗೆಗಳನ್ನೂ ಒಂದರ ಮೇಲೊಂದಿಟ್ಟು ಬಿಗಿದು ಸಮನಾಗಿ ಕೊಯ್ದರು. ಕಡಿಮೆಯಾದ ಎತ್ತರಕ್ಕೆ ನಾಲ್ಕಂಗುಲದ ಪೀಠವೊಂದು ಬಂದಿತು. ಪೀಠವಿದ್ದುದರಿಂದ ನೆಲ ಒರೆಸುವ ನೀರೂ ಪೆಟ್ಟಿಗೆಗೆ ತಾಗಲಿಲ್ಲ. ತಪ್ಪೇ ಉಪಕಾರವಾಯಿತು.

ಅಳತೆ ತಪ್ಪುವುದಕ್ಕೆ ಸಾಮಾನ್ಯವಾದ ಕಾರಣ ಗರಗಸದ ದಪ್ಪವನ್ನು ಮರೆಯುವುದು. ವಿದ್ಯುತ್ ಗರಗಸದ ಚಕ್ರವು ಎರಡು ಮೂರು ಮಿಲಿಮೀಟರಿನಷ್ಟು ಮರವನ್ನು ಹೊಟ್ಟು ಮಾಡುತ್ತದೆ. ಒಂದೇ ಹಲಗೆಯಲ್ಲಿ ಆರು ತುಂಡು ಕೊಯ್ದರೆ ಅರ್ಧ ಅಂಗುಲಕ್ಕಿಂತ ಹೆಚ್ಚು ಹೀಗೆಯೇ ಹೋಗಬಹುದು. ಗೆರೆಯ ಯಾವ ಪಕ್ಕದಲ್ಲಿ ಗರಗಸ ನಡೆಯಬೇಕೆಂಬುದನ್ನು ಮೊದಲೇ ಗುರುತಿಸಿ, ಬಿಡುವ ಭಾಗಕ್ಕೆ ಅಡ್ಡಗೆರೆ ಹಾಕಿಟ್ಟುಕೊಂಡರೆ ಈ ತೊಂದರೆಯಿಲ್ಲ. ಪಕ್ಕದ ಹಲಗೆಗಳ ಬಾಗು ಬಳುಕುಗಳನ್ನು ಎರಡು ಬಾರಿ ಬರೆಯಬಾರದು. ಮೊದಲನೆಯದನ್ನು ಅರದಿಂದ ಸರಿಮಾಡಿ, ಅದನ್ನೇ ಮಾದರಿಯಾಗಿಟ್ಟು ಎರಡನೆಯದನ್ನು ಗುರುತಿಸಬೇಕು. ಮಾದರಿಯಲ್ಲಿ ಸಣ್ಣ ಕುಂದಿದ್ದರೂ ಎರಡರಲ್ಲಿಯೂ ಒಂದೇ ಬಗೆಯಾಗಿರುವುದರಿಂದ ಪೆಟ್ಟಿಗೆ ಸಮವಾಗಿ ನಿಲ್ಲುತ್ತದೆ.

ಮೂಲೆಯ ತಪ್ಪು

ಪೆಟ್ಟಿಗೆ ಡೊಂಕಾದರೆ ನೆಲವನ್ನು ದೂರುವವರುಂಟು. ಕುಣಿಯಲಾರದವಳ ಗಾದೆ ನೆನಪಿಗೆ ಬರುತ್ತದೆ. ಪೆಟ್ಟಿಗೆ ಚೌಕವಾಗಿದೆಯೇ ಎಂದು ತಿಳಿಯಲು ಮೂಲೆಮಟ್ಟವೊಂದನ್ನೇ ನಂಬಬೇಕಾಗಿಲ್ಲ. ಎದುರುಬದುರಿನ ಬದಿಗಳು ಸಮನಾಗಿದ್ದಾಗ, ಒಂದು ಮೂಲೆಯಿಂದ ಎದುರು ಮೂಲೆಗೆ ಹಗ್ಗ ಹಿಡಿದು ಅಳೆದು, ಇನ್ನೆರಡು ಮೂಲೆಗಳ ನಡುವೆಯೂ ಅಳೆಯಬೇಕು. ಎರಡೂ ಅಳತೆ ಸಮನಾದರೆ ಚೌಕ. ವ್ಯತ್ಯಾಸ ಬಂದರೆ ಅಂಟು ಒಣಗುವ ಮೊದಲು ಹೆಚ್ಚಿರುವ ಕರ್ಣದ ಮೇಲೆ ಹಗ್ಗ ಬಿಗಿದು, ಕೋಲು ತುರುಕಿ ತಿರುಚಿ, ಸಮನಾಗುವವರೆಗೆ ಎಳೆದು ಹಾಗೆಯೇ ಬಿಡಬೇಕು.

ಅಂಟು ಒಣಗಿದ ಮೇಲೆ ಕಂಡರೆ ಹೆದರಬೇಕಾಗಿಲ್ಲ. ಹಿಂಬದಿಯ ಹಲಗೆಯೇ ಇದಕ್ಕೆ ಮದ್ದು. ಕಾರ್ಖಾನೆಯಿಂದ ಬಂದ ಪ್ಲೈವುಡ್ಡಿನ ಮೂಲೆ ಸಾಮಾನ್ಯವಾಗಿ ನೇರವಾಗಿರುತ್ತದೆ; ಮೂಲೆಮಟ್ಟವಿಟ್ಟು ಖಚಿತಪಡಿಸಿಕೊಂಡು, ಆ ಮೂಲೆಗೆ ಪೆಟ್ಟಿಗೆಯನ್ನು ಒತ್ತಿ ಹಿಡಿದು ಒಂದು ಅಂಚಿನಿಂದ ಸ್ಕ್ರೂ ಹಾಕುತ್ತ ಬಂದರೆ ಸ್ವಲ್ಪ ಡೊಂಕು ತಾನಾಗಿ ನೆಟ್ಟಗಾಗುತ್ತದೆ. ಅಷ್ಟಕ್ಕೂ ಬಗ್ಗದಿದ್ದರೆ ಸಂದನ್ನು ಬಿಚ್ಚಬೇಕು. ಒಳಮೂಲೆಗಳಿಗೆ ಒಂದಂಗುಲದ ರೀಪರುಗಳನ್ನು ಕೊಟ್ಟರೆ ಮುಂದೆ ಪೆಟ್ಟಿಗೆಯನ್ನು ಎಳೆದಾಡಿದರೂ ಮೂಲೆ ಸಡಿಲವಾಗದು.

ತೂತಿನ ತಪ್ಪು

ಪ್ಲೈವುಡ್ಡಿನ ಅಂಚಿಗೆ ನೇರವಾಗಿ ಸ್ಕ್ರೂ ತಿರುಗಿಸಿದರೆ ಪದರಗಳು ಬಿಡಿಸಿಕೊಂಡು ಸೀಳುತ್ತವೆ. ಎಂ.ಡಿ.ಎಫ್. ಎಂಬ, ಮರದ ನಾರನ್ನು ಒತ್ತಿ ಮಾಡಿದ ಹಲಗೆಯಲ್ಲಂತೂ ಇದು ಇನ್ನೂ ಬೇಗ. ಸೀಳಿದರೆ ಸ್ಕ್ರೂವನ್ನು ಹೊರತೆಗೆದು, ಚೂರಿಯ ತುದಿಯಿಂದ ಸೀಳನ್ನು ತುಸು ಅಗಲಿಸಿ, ಒಳಗೆ ಬಿಳಿ ಅಂಟನ್ನು ಇಳಿಸಿ, ಎರಡೂ ಕಡೆ ಚೂರು ಹಲಗೆ ಕೊಟ್ಟು ಬಿಗಿದು ಒಂದು ದಿನ ಬಿಡಬೇಕು. ಆಮೇಲೆ ಸ್ಕ್ರೂವಿಗಿಂತ ಸಣ್ಣ ತೂತನ್ನು ಮೊದಲು ಕೊರೆದು, ಅನಂತರ ಸ್ಕ್ರೂ ತಿರುಗಿಸಬೇಕು. ನಾಲ್ಕು ಮಿಲಿಮೀಟರಿನ ಸ್ಕ್ರೂವಿಗೆ ಎರಡೂವರೆ ಮೂರು ಮಿಲಿಮೀಟರಿನ ತೂತು ಸಾಕು.

ತೂತು ಸಡಿಲವಾಗಿ ಸ್ಕ್ರೂ ಸುಮ್ಮನೆ ತಿರುಗುತ್ತಿದ್ದರೆ, ಬಿದಿರಿನ ಕಡ್ಡಿಗೆ ಅಂಟು ಹಚ್ಚಿ ತೂತಿಗೆ ಬಡಿದು, ಒಣಗಿದ ಮೇಲೆ ಮಟ್ಟಕ್ಕೆ ಕೊಯ್ದು ಮತ್ತೆ ಕೊರೆಯಬೇಕು. ಕಾಗದ ತುರುಕುವುದರಿಂದಲೂ ಅಂಟಿಗೆ ಮರದ ಹೊಟ್ಟು ಕಲಸಿ ತುಂಬುವುದರಿಂದಲೂ ಸ್ಕ್ರೂವಿಗೆ ಹಿಡಿತ ಸಿಕ್ಕದು. ಹೊಟ್ಟು ಕಲಸಿದ ಲಪ್ಪ ಕುಳಿ ತುಂಬಲು ಒದಗೀತೇ ಹೊರತು ಭಾರ ಹೊರಲಾರದು.

ಗುಬ್ಬಿಯ ಒಂದು ಮನೆಯಲ್ಲಿ ಪಿ.ಯು. ಓದುವ ಹುಡುಗಿಯೊಬ್ಬಳು ಗುಂಡಿಗಳ ಹಲಗೆಯನ್ನು ಕೊರೆದಿದ್ದಳು. ಈ ಗುಂಡಿಗಳಿಗೆ 28 ಅಥವಾ 30 ಮಿಲಿಮೀಟರಿನ ತೂತು ಬೇಕು. ಅವಳು ಕಾಗದದ ಮೇಲೆ ಲೆಕ್ಕ ಹಾಕಿ ಎಂಟು ತೂತುಗಳನ್ನೂ ಒಂದೇ ಓಟದಲ್ಲಿ ಕೊರೆದುಬಿಟ್ಟಳು. ಕೈಯಿಟ್ಟು ನೋಡಿದರೆ ಗುಂಡಿಗಳು ಒತ್ತೊತ್ತಾಗಿ ಬೆರಳಿಗೆ ಬೆರಳು ತಾಗುತ್ತಿತ್ತು. ‘ಚಿಕ್ಕಪ್ಪ, ಎಲ್ಲಾ ತೂತಿಗೂ ಬಿಲ್ಲೆ ಕೊಯ್ದು ಅಂಟಿಸಿ ಮತ್ತೆ ಕೊರೀಲಾ?’ ಎಂದು ಕೇಳಿದಳು. ‘ಅರ್ಧ ಬಿಲ್ಲೆ ಅರ್ಧ ಹಲಗೆ ಅಂದ್ರೆ ಬೈರಿಗೆ ಜಾರುತ್ತೆ ಕಣಮ್ಮ. ಮೇಲೆ ಇನ್ನೊಂದು ತೆಳು ಹಲಗೆ ಕೂರಿಸು’ ಎಂದರು ಆ ಚಿಕ್ಕಪ್ಪ. ಹಳೆಯ ತೂತುಗಳನ್ನು ಒಂದೇ ದೊಡ್ಡ ಕಿಂಡಿಯಾಗಿ ಕೊಯ್ದು ತೆಗೆದು, ಅದರ ಮೇಲೆ 6 ಮಿಲಿಮೀಟರಿನ ಹೊಸ ಹಲಗೆಯನ್ನು ಸ್ಕ್ರೂಗಳಿಂದ ನಿಲ್ಲಿಸಿದರು. ಈ ಬಾರಿ ರಟ್ಟಿನಲ್ಲಿ ಕೊರೆದು, ಮನೆಯ ಚಿಕ್ಕವರೂ ದೊಡ್ಡವರೂ ಕೈಯಿಟ್ಟು ನೋಡಿದ ಮೇಲೆಯೇ ಮರಕ್ಕೆ ಬೈರಿಗೆ ಇಳಿಯಿತು. ಇದು ಸರಿಯಾದ ತಿದ್ದುಪಡಿ. ಎಂಟು ತಪ್ಪುಗಳನ್ನು ಬಿಡಿಬಿಡಿಯಾಗಿ ತೇಪೆ ಹಾಕುವುದಕ್ಕಿಂತ, ತಪ್ಪಿದ ಭಾಗವನ್ನು ಒಮ್ಮೆಗೇ ಬದಲಿಸುವುದು ಎಷ್ಟೋ ವೇಳೆ ಅಗ್ಗವೂ ಗಟ್ಟಿಯೂ ಆಗಿರುತ್ತದೆ.

ಮೇಲ್ಮೈಯ ತಪ್ಪು

ಕೊಯ್ಯುವಾಗ ಪ್ಲೈವುಡ್ಡಿನ ಮೇಲುಪದರ ಕಿತ್ತು ಅಂಚು ಹಲ್ಲುಹಲ್ಲಾಗುವುದುಂಟು. ಕೈಗರಗಸದ ಹಲ್ಲು ಕೆಳಮುಖವಾಗಿ ಕಡಿಯುವುದರಿಂದ ಹಲಗೆಯ ಒಳ್ಳೆಯ ಮುಖ ಮೇಲಕ್ಕಿರಬೇಕು. ಕೈಯಲ್ಲಿ ಹಿಡಿಯುವ ವಿದ್ಯುತ್ ಗರಗಸ ಮೇಲ್ಮುಖವಾಗಿ ಕಡಿಯುವುದರಿಂದ ಒಳ್ಳೆಯ ಮುಖ ಕೆಳಕ್ಕಿರಬೇಕು. ಗೆರೆಯ ಮೇಲೆ ಚೂರಿಯಿಂದ ಮೊದಲು ಗೀರಿ, ಕಾಗದದ ಅಂಟುಪಟ್ಟಿ ಹಚ್ಚಿದರೆ ಇನ್ನೂ ಒಳಿತು. ಕಿತ್ತುಬಂದ ಚಕ್ಕೆಯನ್ನು ಎಸೆಯಬಾರದು. ಅದನ್ನೇ ಅದರ ಜಾಗದಲ್ಲಿ ಅಂಟಿಸಿದರೆ ಕುಂದು ತಿಳಿಯದು. ಚಕ್ಕೆ ಕಳೆದಿದ್ದರೆ ಮಾತ್ರ ಲಪ್ಪ ತುಂಬಿ ಉಪ್ಪುಕಾಗದ ಉಜ್ಜಬೇಕು.

ಅಂಟು ಹೊರಸೂಸಿದ್ದನ್ನು ಹಸಿಯಿರುವಾಗಲೇ ಒದ್ದೆಬಟ್ಟೆಯಿಂದ ಒರೆಸಬೇಕು. ಒಣಗಿದ ಅಂಟಿನ ಮೇಲೆ ಪಾಲಿಷ್ ಹತ್ತದೆ ಬಿಳಿಯ ಕಲೆ ಉಳಿಯುತ್ತದೆ. ಹಾಗಾಗಿದ್ದರೆ ಆ ಜಾಗವನ್ನು ಹೆರೆದು ತೆಗೆದೇ ಮುಂದುವರಿಯಬೇಕು. ಸನ್ಮೈಕಾ ಅಂಟಿಸಿದ ಮೇಲೆ ನಡುವೆ ಗಾಳಿಯ ಗುಳ್ಳೆ ಎದ್ದರೆ, ಮೇಲೊಂದು ಬಟ್ಟೆ ಹಾಸಿ ಹದವಾಗಿ ಕಾದ ಇಸ್ತ್ರಿಪೆಟ್ಟಿಗೆಯನ್ನು ಆಡಿಸಿದರೆ ರಬ್ಬರಿನ ಅಂಟು ಮೆತ್ತಗಾಗುತ್ತದೆ. ಆಗ ಲಟ್ಟಣಿಗೆಯಿಂದ ನಡುವಿನಿಂದ ಅಂಚಿನ ಕಡೆಗೆ ಒತ್ತಿ, ಆರುವವರೆಗೆ ಮೇಲೆ ಭಾರವಿಡಬೇಕು.

ಕುಣಿಗಲ್ಲಿನ ಹಲಸಿನ ಹಲಗೆ

ಇಲ್ಲಿಯವರೆಗೆ ಹೇಳಿದ್ದು ಕೈಯ ತಪ್ಪು. ಮರದ ಸ್ವಭಾವವನ್ನು ತಿಳಿಯದೆ ಆಗುವ ತಪ್ಪು ಬೇರೆಯೇ. ಕುಣಿಗಲ್ ಸೀಮೆಯ ಹಳ್ಳಿಯೊಂದರಲ್ಲಿ ಹಳೆಯ ತೊಟ್ಟಿಮನೆಯನ್ನು ಇಳಿಸಿದಾಗ ಉಳಿದ ಹಲಸಿನ ಹಲಗೆಗಳನ್ನು ಮನೆಯ ಅಜ್ಜಿ ಅಟ್ಟದ ಮೇಲೆ ಜೋಪಾನವಾಗಿ ಇರಿಸಿದ್ದರು. ಅವು ಅವರ ಯಜಮಾನರು ಹಾಕಿಸಿದ್ದ ಬಾಗಿಲಿನವು. ಮೊಮ್ಮಗ ಕೇಳಿದಾಗ ಇಲ್ಲವೆನ್ನದೆ ಕೊಟ್ಟರು. ಅವನು ದಸರೆಯ ರಜೆಯಲ್ಲಿ, ಮಳೆಯ ತಂಪಿನ ದಿನಗಳಲ್ಲಿ, ಹಲಗೆಗಳನ್ನು ಅಂಟಿಸಿ ಎರಡಡಿ ಅಗಲದ ಪಕ್ಕಗಳನ್ನು ಮಾಡಿ, ಹಿಂದೆ ಅಡ್ಡಪಟ್ಟಿಗಳನ್ನು ಅಂಟು ಸ್ಕ್ರೂಗಳಿಂದ ಬಲವಾಗಿ ಬಿಗಿದನು. ಶಿವರಾತ್ರಿಯ ಹೊತ್ತಿಗೆ ಒಂದು ಪಕ್ಕ ಮೇಲಿನಿಂದ ಕೆಳಗಿನವರೆಗೆ ಬಿರುಕು ಬಿಟ್ಟಿತು. ಅಜ್ಜಿ ನೋಡುವ ಮೊದಲೇ ಹುಡುಗ ಅದಕ್ಕೆ ಲಪ್ಪ ಮೆತ್ತಿ ಕರಿಯ ಬಣ್ಣ ಬಳಿದನು. ಮಳೆಗಾಲದಲ್ಲಿ ಮರ ಹಿಗ್ಗಿ ಲಪ್ಪವನ್ನು ಹೊರಕ್ಕೆ ನೂಕಿತು, ಬಣ್ಣ ಒಡೆಯಿತು. ಮರುವರ್ಷದ ಬೇಸಗೆಯಲ್ಲಿ ಬಿರುಕು ಇನ್ನೂ ಅಗಲವಾಯಿತು.

ಕಾರಣ ಸರಳವಾದುದು. ಮರವು ಉದ್ದದ ದಿಕ್ಕಿನಲ್ಲಿ ಬಹುಮಟ್ಟಿಗೆ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಅಗಲದ ದಿಕ್ಕಿನಲ್ಲಿ ಮಾತ್ರ ಗಾಳಿಯ ತೇವಕ್ಕೆ ತಕ್ಕಂತೆ ಹಿಗ್ಗಿ ಕುಗ್ಗುತ್ತದೆ. ಎರಡಡಿಯ ಹಲಗೆಯಲ್ಲಿ ಮಳೆಗಾಲಕ್ಕೂ ಬೇಸಗೆಗೂ ಕೆಲವು ಮಿಲಿಮೀಟರುಗಳ ವ್ಯತ್ಯಾಸ ಬರಬಹುದು. ಅಡ್ಡಪಟ್ಟಿ ಅಲುಗದಂತೆ ಬಿಗಿದಿದ್ದರೆ ಕುಗ್ಗುವ ಹಲಗೆಗೆ ಸೀಳದೆ ಗತ್ಯಂತರವಿಲ್ಲ. ಪ್ಲೈವುಡ್ಡಿನಲ್ಲಿ ಒಂದು ಪದರದ ಎಳೆ ಉದ್ದಕ್ಕೂ ಮುಂದಿನದು ಅಡ್ಡಕ್ಕೂ ಇರುವುದರಿಂದ ಈ ತೊಂದರೆ ಅಲ್ಪ; ಇಡೀ ಮರದಲ್ಲಿ ಅದನ್ನು ಮರೆಯುವಂತಿಲ್ಲ.

ಪಕ್ಕದ ಊರಿನ ಆಚಾರಿಯೊಬ್ಬರನ್ನು ಕರೆಸಿದರು. ‘ಆಚಾರ್ರೇ, ಇನ್ನೂ ಗಟ್ಟಿ ಲಪ್ಪ ಯಾವುದಾದ್ರೂ ಐತಾ?’ ಎಂದು ಹುಡುಗ ಕೇಳಿದನು. ಅವರು ಉತ್ತರ ಕೊಡದೆ ಪೆಟ್ಟಿಗೆಯನ್ನು ಬೋರಲು ಹಾಕಿ ಅಡ್ಡಪಟ್ಟಿಗಳನ್ನು ತೋರಿಸಿ, ‘ಗಾಯ ಮುಂದೆ ಐತೆ, ಮುಳ್ಳು ಹಿಂದೆ ಐತೆ’ ಎಂದರು. ಪಟ್ಟಿಗಳನ್ನು ಬಿಚ್ಚಿಸಿದರು. ಬಿರುಕಿನ ಉದ್ದಕ್ಕೂ ಹಲಗೆಯನ್ನು ಕೊಯ್ದು ಎರಡಾಗಿಸಿ, ಎರಡೂ ಅಂಚುಗಳಿಗೆ ಹತ್ತರಿ ಹಿಡಿದು ನೇರ ಮಾಡಿ, ಹೊಸದಾಗಿ ಅಂಟಿಸಿ ಬಿಗಿದರು. ಅಡ್ಡಪಟ್ಟಿಗೆ ಈ ಬಾರಿ ಅಂಟು ಹಾಕಲಿಲ್ಲ. ನಡುವಿನ ಸ್ಕ್ರೂವಿಗೆ ಮಾತ್ರ ಗುಂಡಾದ ತೂತು. ಎರಡು ತುದಿಗಳ ಸ್ಕ್ರೂಗಳಿಗೆ ಪಟ್ಟಿಯ ಉದ್ದಕ್ಕೆ ನೀಳವಾದ ತೂತು. ಮರ ಹಿಗ್ಗಿದರೂ ಕುಗ್ಗಿದರೂ ಸ್ಕ್ರೂ ಆ ತೂತಿನಲ್ಲಿ ಜರುಗುತ್ತದೆ, ಹಲಗೆ ಸೀಳುವುದಿಲ್ಲ. ಅಗಲದಲ್ಲಿ ಅರ್ಧ ಅಂಗುಲ ಕಡಿಮೆಯಾಯಿತು. ಅದಕ್ಕೆ ತಕ್ಕಂತೆ ಇನ್ನೊಂದು ಪಕ್ಕವನ್ನೂ ಹೆರೆದರು. ಆ ಬಳಿಕ ಎರಡು ಬೇಸಗೆ ಕಳೆದಿವೆ, ಹಲಗೆ ನಿಂತಿದೆ.

ಆ ದಿನ ಅಜ್ಜಿ ಆಡಿದ ಮಾತನ್ನು ಮನೆಯವರು ನಮಗೆ ಹೇಳಿದರು: ‘ಬಿರುಕು ಬಿಟ್ಟಿದ್ದಕ್ಕೆ ನಂಗೆ ಬೇಜಾರಿಲ್ಲ ಕಣಪ್ಪ. ನಂಗೆ ಕಾಣಬಾರ್ದು ಅಂತ ಮೆತ್ತಿದ್ಯಲ್ಲ, ಅದಕ್ಕೆ ಬೇಜಾರು.’ ತಿದ್ದುವುದಕ್ಕೂ ಮುಚ್ಚುವುದಕ್ಕೂ ಇರುವ ಅಂತರವನ್ನು ಇದಕ್ಕಿಂತ ಚೆನ್ನಾಗಿ ಯಾವ ಪಂಡಿತನೂ ಹೇಳಲಾರನು. ಹಿರಿಯರೂ ಇಲ್ಲಿ ಒಂದನ್ನು ಗಮನಿಸಬೇಕು. ತಪ್ಪನ್ನು ತೋರಿಸಿದರೆ ಗದರಿಕೆ ಸಿಕ್ಕುವ ಮನೆಯಲ್ಲಿ ಮಕ್ಕಳು ಮೊದಲು ಕಲಿಯುವ ಕೆಲಸ ಲಪ್ಪ ಮೆತ್ತುವುದೇ.

ತಿದ್ದಬಾರದವು

ಎಲ್ಲ ತಪ್ಪಿಗೂ ತಿದ್ದುಪಡಿಯಿದೆ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ನೀರು ಕುಡಿದು ಉಬ್ಬಿದ ಎಂ.ಡಿ.ಎಫ್. ಹಲಗೆ ಒಣಗಿದರೂ ಮೊದಲಿನ ದಪ್ಪಕ್ಕೆ ಬಾರದು, ಬಲವೂ ಮರಳದು, ಅದನ್ನು ತೆಗೆದುಹಾಕಬೇಕು. ಬೆರಳಿನಿಂದ ಬಡಿದಾಗ ಟೊಳ್ಳು ದನಿ ಕೊಡುವ ಪ್ಲೈವುಡ್ಡಿನಲ್ಲಿ ಪದರ ಬಿಟ್ಟಿರುವ ಸಂಭವವುಂಟು. ಅದನ್ನು ಭಾರ ಹೊರುವೆಡೆ ಬಳಸಬಾರದು. ಸಣ್ಣ ತೂತುಗಳಿಂದ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಹುಳು ಹಿಡಿದಿದೆಯೆಂದು ತಿಳಿದು, ಆ ಮರವನ್ನು ಮನೆಯ ಬೇರೆ ಮರಮುಟ್ಟುಗಳಿಂದ ದೂರವಿಡಬೇಕು.

ಇನ್ನು ಪ್ರಾಣಕ್ಕೆ ಸಂಬಂಧಿಸಿದ ಮಾತುಗಳು. ಮಕ್ಕಳು ಒರಗಿ ಆಡುವ ಎತ್ತರದ ಪೆಟ್ಟಿಗೆ ಮುಗ್ಗರಿಸುವಂತಿದ್ದರೆ ಬಣ್ಣ ಬಳಿಯುವ ಮೊದಲೇ ತಳವನ್ನು ಅಗಲಿಸಿ, ಭಾರವನ್ನು ಕೆಳಕ್ಕೆ ತಂದು, ಹಿಂದಿನಿಂದ ಗೋಡೆಗೆ ಪಟ್ಟಿ ಕೊಟ್ಟು ನಿಲ್ಲಿಸಬೇಕು. ಹಿಂಬದಿಯಲ್ಲಿ ಕೆಳಗೂ ಮೇಲೂ ಗಾಳಿಯ ಕಿಂಡಿಗಳಿರಬೇಕು. ಮರೆತಿದ್ದರೆ ಮುಗಿದ ಪೆಟ್ಟಿಗೆಯಾದರೂ ಕೊರೆಯಲೇಬೇಕು. ಸ್ಕ್ರೂವಿನ ತುದಿ ತಂತಿಗೆ ತಾಗಿದ್ದರೆ ಆ ತಂತಿಗೆ ಅಂಟುಪಟ್ಟಿ ಸುತ್ತದೆ ತಂತಿಯನ್ನೇ ಬದಲಿಸಬೇಕು. ಮೂರು ಕಡ್ಡಿಯ ಪ್ಲಗ್ಗು, ಸರಿಯಾದ ಅರ್ತಿಂಗ್, ಬಲ್ಲ ಎಲೆಕ್ಟ್ರಿಷಿಯನ್ನನ ಒಂದು ಪರೀಕ್ಷೆ ಇಲ್ಲದೆ ಸ್ವಿಚ್ಚು ಒತ್ತಬಾರದು. ಪರದೆಯ ಮುಂದೆ ಸಾಮಾನ್ಯ ಗಾಜಿನ ಬದಲು ಅಕ್ರಿಲಿಕ್ ಹಾಳೆ ಕ್ಷೇಮ. ಹಲಗೆ ಕೊಯ್ಯುವಾಗಲೂ ಉಜ್ಜುವಾಗಲೂ ಮೂಗಿಗೆ ಮುಸುಕು, ಕಣ್ಣಿಗೆ ಕನ್ನಡಕ ಇರಲಿ. ಕೊಯ್ಯುವ ಯಂತ್ರದ ಬಳಿ ದೊಡ್ಡವರೊಬ್ಬರು ನಿಂತಿರಲಿ.

ಕೆಲಸ ಮುಂದುವರಿಯಲಿ

ಹನ್ನೆರಡನೆಯ ಶತಮಾನದ ಶರಣರ ಸಮೂಹದಲ್ಲಿ ಬಾಚಿಕಾಯಕದ ಬಸವಯ್ಯ ಎಂಬವರಿದ್ದರು. ಅವರ ಧರ್ಮಪತ್ನಿ ಕಾಳವ್ವೆಯವರೂ ವಚನಕಾರ್ತಿ. ಮರ ಕೆತ್ತುವ ಉಪಕರಣದ ಹೆಸರೇ ಆ ಶರಣರ ಹೆಸರಿನ ಮುಂದೆ ಗೌರವದಿಂದ ನಿಂತಿತು. ಬಾಚಿ ಹಿಡಿದವರಿಗೆ ಗೊತ್ತು, ಕೆತ್ತಿ ತೆಗೆದ ಮರವನ್ನು ಮತ್ತೆ ಸೇರಿಸಲಾಗದು. ಉಳಿದ ಮರದಲ್ಲಿಯೇ ಕೆಲಸವನ್ನು ಪೂರೈಸಬೇಕು. ಕೈಗೆಲಸವನ್ನು ಕೀಳೆಂದು ಕಾಣದ ಪರಂಪರೆಯ ಮನೆಗಳಲ್ಲಿ, ಮಗುವಿನ ಮೊದಲ ಡೊಂಕು ಪೆಟ್ಟಿಗೆಗೂ ಒಂದು ಸ್ಥಾನವಿರಲಿ.

ಅಂಥದೊಂದು ಪೆಟ್ಟಿಗೆ ನಿಮ್ಮ ಮನೆಯ ಗೋಡೆಗೂ ಒರಗಿದ್ದರೆ, ಈ ಭಾನುವಾರ ಅದನ್ನು ಬೆಳಕಿಗೆ ತನ್ನಿ. ತಪ್ಪು ಎಲ್ಲಿದೆಯೆಂದು ಮಗುವೇ ತೋರಿಸಲಿ; ಹಿರಿಯರು ಅಳತೆಪಟ್ಟಿಯ ಇನ್ನೊಂದು ತುದಿಯನ್ನು ಹಿಡಿಯಲಿ. ಸಾಧ್ಯವಾದರೆ ಊರಿನ ಬಡಗಿಯೊಬ್ಬರನ್ನು ಕರೆದು, ಕೂಲಿ ಕೊಟ್ಟು, ಅರ್ಧ ದಿನ ಮಗುವಿನ ಪಕ್ಕದಲ್ಲಿ ಕೂರಿಸಿ. ಪೂರ್ತಿ ಪೆಟ್ಟಿಗೆಯನ್ನು ಅವರಿಂದಲೇ ಮಾಡಿಸಿಬಿಡಬೇಡಿ. ಬಿಚ್ಚಬೇಕಾದ ಸಂದನ್ನು ಬಿಚ್ಚುವುದು ಹೇಗೆಂಬುದನ್ನು ಅವರು ತೋರಿಸಿಕೊಟ್ಟರೆ ಸಾಕು. ಉಳಿದುದನ್ನು ಆ ಎಳೆಯ ಕೈಗಳೇ ಮಾಡಲಿ.